ರಕ್ತ ಹೇಳುವುದು ಅರ್ಧ ಮಾತು

2017ರ ಕೊನೆಯಲ್ಲಿ ಬಿಟ್‌ಕಾಯಿನ್ ಬೆಲೆ ಆಕಾಶಕ್ಕೇರಿದಾಗ ಅಮೆರಿಕದ ಶೇರುಪೇಟೆಯಲ್ಲಿ ರಯಟ್ ಬ್ಲಾಕ್‌ಚೈನ್ ಎಂಬ ಕಂಪನಿ ಒಮ್ಮೆಲೇ ಸುದ್ದಿಯಾಯಿತು. ಹೆಸರು ಹೊಸದಾಗಿತ್ತು, ಕಂಪನಿ ಹಳೆಯದೇ. ಕೆಲವೇ ವರ್ಷಗಳ ಹಿಂದೆ ಅದು ಕೊಲೊರಾಡೊದಲ್ಲಿ ಆಸ್ಪೆನ್‌ಬಯೊ ಎಂದೂ ಆಮೇಲೆ ವೆನಾಕ್ಸಿಸ್ ಎಂದೂ ಕರೆಸಿಕೊಳ್ಳುತ್ತಿತ್ತು. ಆಗ ಅದರ ಕಸುಬು ನಾಣ್ಯದ್ದಲ್ಲ. ಹೊಟ್ಟೆನೋವೆಂದು ಆಸ್ಪತ್ರೆಗೆ ಬಂದ ಮಗುವಿಗೆ ಅಪೆಂಡಿಸೈಟಿಸ್ ಇದೆಯೇ ಇಲ್ಲವೇ ಎಂದು ಹೇಳುವ ರಕ್ತಪರೀಕ್ಷೆಯೊಂದನ್ನು ಅದು ರೂಪಿಸುತ್ತಿತ್ತು. ಆಪಿ-1 ಎಂಬ ಆ ಪರೀಕ್ಷೆ ಬಿಳಿ ರಕ್ತಕಣಗಳ ಎಣಿಕೆ, ಸಿ.ಆರ್.ಪಿ. ಮತ್ತು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಇನ್ನೊಂದು ಪ್ರೋಟೀನು, ಈ ಮೂರನ್ನೂ ಸೇರಿಸಿ ಒಂದೇ ಫಲಿತಾಂಶ ಕೊಡುತ್ತಿತ್ತು. 2013ರಲ್ಲಿ ಪ್ರಕಟವಾದ ಸುಮಾರು 500 ಮಂದಿಯ ಅಧ್ಯಯನದಲ್ಲಿ ರೋಗವಿದ್ದವರ ಪೈಕಿ 96 ಪ್ರತಿಶತಕ್ಕೂ ಹೆಚ್ಚು ಜನರನ್ನು ಅದು ಹಿಡಿಯಿತು. ಆದರೆ ರೋಗವಿಲ್ಲದವರಲ್ಲಿ ‘ಇಲ್ಲ’ ಎಂದು ಹೇಳಿದ್ದು ಬರೀ 43 ಪ್ರತಿಶತ ಮಂದಿಗೆ. 2015ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಡಲಿಲ್ಲ. ಕಂಪನಿ ಹೆಸರು ಬದಲಿಸಿತು, ಕಸುಬನ್ನೂ ಬದಲಿಸಿತು. ಈ ಸೋಲಿಗೆ ರಸಾಯನಶಾಸ್ತ್ರ ಕಾರಣವಲ್ಲ, ಅಳೆದ ಮೂರೂ ವಸ್ತುಗಳು ನಂಬಿಕಸ್ಥವೇ. ತಪ್ಪಿದ್ದು ಪ್ರಶ್ನೆ. ‘ಈ ಮಗುವಿಗೆ ಅಪೆಂಡಿಸೈಟಿಸ್ ಇದೆಯೇ’ ಎಂದು ರಕ್ತವನ್ನು ಕೇಳಿದರೆ ಅದು ಉತ್ತರಿಸಲಾರದು. ‘ಈ ಮಗುವನ್ನು ಮನೆಗೆ ಕಳಿಸಬಹುದೇ, ಇಲ್ಲೇ ಇರಿಸಿಕೊಂಡು ನೋಡಬೇಕೇ, ಸ್ಕ್ಯಾನಿಂಗಿಗೆ ಕಳಿಸಬೇಕೇ’ ಎಂದು ಕೇಳಿದರೆ ಬಹಳಷ್ಟು ಹೇಳುತ್ತದೆ. ಈ ಎರಡು ಪ್ರಶ್ನೆಗಳನ್ನು ಬೆರೆಸಿಕೊಂಡದ್ದರಿಂದಲೇ ನಮ್ಮ ಆಸ್ಪತ್ರೆಗಳಲ್ಲಿ ಕೆಲವು ಮಕ್ಕಳಿಗೆ ಬೇಡದ ಆಪರೇಷನ್ನೂ ಇನ್ನು ಕೆಲವರಿಗೆ ತಡವಾದ ಆಪರೇಷನ್ನೂ ಆಗುತ್ತಿವೆ ಎಂಬುದು ನನ್ನ ವಾದ.

ಮೊದಲು ಕಾಯಿಲೆಯ ಸ್ವಭಾವ ನೋಡೋಣ. ದಾಖಲೆಯಲ್ಲಿರುವ ಮೊದಲ ಅಪೆಂಡಿಕ್ಸ್ ಆಪರೇಷನ್ ನಡೆದದ್ದೇ ಒಂದು ಮಗುವಿನ ಮೇಲೆ. 1735ರಲ್ಲಿ ಲಂಡನ್ನಿನಲ್ಲಿ ಕ್ಲಾಡಿಯಸ್ ಅಮ್ಯಾಂಡ್ ಎಂಬ ಶಸ್ತ್ರವೈದ್ಯ ಹನ್ನೊಂದು ವರ್ಷದ ಹುಡುಗನ ಹರ್ನಿಯಾ ಬಿಡಿಸಲು ಹೋದಾಗ ಒಳಗೆ ಗುಂಡುಸೂಜಿ ಚುಚ್ಚಿಕೊಂಡಿದ್ದ ಅಪೆಂಡಿಕ್ಸ್ ಸಿಕ್ಕಿತು. ಅಂದರೆ ರೋಗ ಗುರುತಿಸಿ ಮಾಡಿದ ಆಪರೇಷನ್ ಅದಲ್ಲ. ಗುರುತಿಸುವ ವಿದ್ಯೆ ಶುರುವಾದದ್ದು 1886ರಲ್ಲಿ ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ಈ ಕಾಯಿಲೆಗೆ ಹೆಸರಿಟ್ಟು, ಬೇಗ ಆಪರೇಷನ್ ಮಾಡಬೇಕೆಂದು ವಾದಿಸಿದ ಮೇಲೆ. 1889ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಮ್ಯಾಕ್‌ಬರ್ನಿ ಬಲಗಡೆ ಕೆಳಹೊಟ್ಟೆಯಲ್ಲಿ ಒತ್ತಿದರೆ ಅತಿ ಹೆಚ್ಚು ನೋಯುವ ಬಿಂದುವನ್ನು ತೋರಿಸಿದರು. ಹೊಕ್ಕಳ ಸುತ್ತ ಶುರುವಾಗುವ ನೋವು ಕೆಲವು ಗಂಟೆಗಳಲ್ಲಿ ಬಲಕ್ಕೆ ಇಳಿಯುವುದು, ಊಟ ಸೇರದಿರುವುದು, ವಾಂತಿ, ಸಣ್ಣ ಜ್ವರ, ಇವು ಪಠ್ಯಪುಸ್ತಕದ ಲಕ್ಷಣಗಳು. ಹದಿನಾಲ್ಕರ ಹುಡುಗ ಇವನ್ನೆಲ್ಲ ಸಾಲಾಗಿ ಹೇಳಿಯಾನು. ಮೂರು ವರ್ಷದ ಮಗುವಿಗೆ ಎಲ್ಲಿ ನೋವು ಎಂದು ಕೇಳಿದರೆ ಗಂಟಲು ನೋಯುತ್ತಿದ್ದರೂ ಹೊಕ್ಕಳ ಮೇಲೆ ಕೈಯಿಡುತ್ತದೆ. ಮನೆಯಲ್ಲಿ ಅಜ್ಜಿ ಬಟ್ಟಿ ಸರಿದಿದೆಯೆಂದು ಹೊಟ್ಟೆ ನೀವುತ್ತಾರೆ, ಇಲ್ಲವೇ ಹೊಟ್ಟೆ ಕಟ್ಟಿದೆಯೆಂದು ಹರಳೆಣ್ಣೆ ಕುಡಿಸುತ್ತಾರೆ. ಉರಿಯೂತವಿರುವ ಅಪೆಂಡಿಕ್ಸಿಗೆ ಭೇದಿಯ ಔಷಧಿ ಅಪಾಯಕಾರಿ. ಅಷ್ಟು ಹೊತ್ತಿಗೆ ಒಂದು ದಿನ ಕಳೆದಿರುತ್ತದೆ. ಚಿಕ್ಕ ಮಕ್ಕಳಲ್ಲಿ ಅಪೆಂಡಿಕ್ಸಿನ ಗೋಡೆ ತೆಳು. ಕರುಳಿನ ಮೇಲೆ ಹೊದ್ದುಕೊಂಡಿದ್ದು, ದೊಡ್ಡವರಲ್ಲಿ ಸೋಂಕನ್ನು ಸುತ್ತುಗಟ್ಟಿ ನಿಲ್ಲಿಸುವ ಕೊಬ್ಬಿನ ಪದರವೂ ಅವರಲ್ಲಿ ಇನ್ನೂ ಬಲಿತಿರುವುದಿಲ್ಲ. ಹಾಗಾಗಿ ಐದು ವರ್ಷದೊಳಗಿನವರಲ್ಲಿ ರೋಗ ಗೊತ್ತಾಗುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಒಡೆದೇ ಹೋಗಿರುತ್ತದೆ.

ಮಾತು ಬಾರದ ಮಗುವಿನ ಪರವಾಗಿ ರಕ್ತ ಮಾತಾಡಲಿ ಎಂಬ ಆಸೆ ಹುಟ್ಟಿದ್ದು ಇಲ್ಲಿಂದಲೇ, ಅದು ಸಹಜವೂ ಹೌದು. ಆದರೆ ರಕ್ತ ಯಾವಾಗ ಏನು ಹೇಳುತ್ತದೆ ಎಂಬುದನ್ನು ಗಡಿಯಾರ ನೋಡಿಕೊಂಡು ಓದಬೇಕು. ಅಪೆಂಡಿಕ್ಸಿನ ಬಾಯಿ ಕಟ್ಟಿ ಒಳಗೆ ಬ್ಯಾಕ್ಟೀರಿಯಾ ಬೆಳೆಯತೊಡಗಿದಾಗ ಮೊದಲು ಎಚ್ಚರಾಗುವುದು ಮೂಳೆಮಜ್ಜೆ. ಅಲ್ಲಿ ಕೂಡಿಟ್ಟ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಇಳಿಯುತ್ತವೆ, ಟಿ.ಸಿ., ಅಂದರೆ ಬಿಳಿ ರಕ್ತಕಣಗಳ ಒಟ್ಟು ಎಣಿಕೆ, ಏರುತ್ತದೆ. ಆದರೆ ಜೋರಾಗಿ ಅತ್ತರೂ ವಾಂತಿ ಮಾಡಿಕೊಂಡರೂ ಹೆದರಿದರೂ ಏರುತ್ತದೆ. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ಕಣಗಳು ಅಡ್ರಿನಲಿನ್ ಹರಿದಾಗ ಬಿಡಿಸಿಕೊಂಡು ಹರಿವಿಗೆ ಸೇರುತ್ತವೆ. ಸೂಜಿ ಚುಚ್ಚಿಸಿಕೊಳ್ಳುವಾಗ ಇಡೀ ಲ್ಯಾಬನ್ನು ಒಂದು ಮಾಡಿದ ಮಗುವಿನ ಟಿ.ಸಿ.ಯನ್ನು ಆ ಗದ್ದಲದ ಸಮೇತ ಓದಬೇಕು. ಸಿ.ಆರ್.ಪಿ.ಯ ನಡೆ ಬೇರೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಪತ್ತೆಯಾದ ಈ ಪ್ರೋಟೀನನ್ನು ತಯಾರಿಸುವುದು ಯಕೃತ್ತು. ಆಜ್ಞೆ ತಲುಪಿ, ತಯಾರಾಗಿ, ರಕ್ತದಲ್ಲಿ ಅಳೆಯುವಷ್ಟು ಸೇರಲು ಆರರಿಂದ ಹನ್ನೆರಡು ಗಂಟೆ ಬೇಕು. ಶಿಖರ ಮುಟ್ಟುವುದು ಎರಡನೇ ದಿನದ ಹೊತ್ತಿಗೆ. ಬೆಳಿಗ್ಗೆ ಆರಕ್ಕೆ ನೋವು ಶುರುವಾದ ಮಗುವಿನ ಸಿ.ಆರ್.ಪಿ. ಒಂಬತ್ತು ಗಂಟೆಗೆ ಸಹಜವಾಗಿದ್ದರೆ ಅದಕ್ಕೆ ಏನೂ ಬೆಲೆಯಿಲ್ಲ. ಅದೇ ಸಹಜ ಅಂಕಿ ಎರಡನೇ ದಿನದ ಮಧ್ಯಾಹ್ನ ಬಂದರೆ ತುಂಬ ಬೆಲೆಯಿದೆ. ಇಷ್ಟಾದರೂ ಎರಡೂ ಪರೀಕ್ಷೆಗಳು ಹೇಳುವುದು ದೇಹದಲ್ಲಿ ಎಲ್ಲೋ ಉರಿಯೂತವಿದೆ ಎಂಬುದನ್ನಷ್ಟೇ. ಊರಲ್ಲಿ ತಮಟೆ ಬಡಿದದ್ದು ಕೇಳಿಸುತ್ತದೆ, ಯಾರ ಮನೆಯ ಮುಂದೆ ಎಂಬುದು ಕೇಳಿಸುವುದಿಲ್ಲ.

ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ, ಅದು ಲ್ಯಾಬ್ ವರದಿಯ ಬಲಬದಿಯ ಕಾಲಮ್ಮಿನಲ್ಲೇ ಅಡಗಿರುತ್ತದೆ. ಎಷ್ಟೋ ವರದಿಗಳಲ್ಲಿ ಟಿ.ಸಿ.ಯ ‘ಸಹಜ ಮಿತಿ’ ಎಂದು 4,000ದಿಂದ 11,000 ಎಂದು ಅಚ್ಚಾಗಿರುತ್ತದೆ. ಅದು ದೊಡ್ಡವರ ಮಿತಿ. ಎರಡು ವರ್ಷದ ಆರೋಗ್ಯವಂತ ಮಗುವಿನಲ್ಲಿ 14,000 ಇದ್ದರೂ ಅಚ್ಚರಿಯಿಲ್ಲ. ನಾಲ್ಕೈದು ವರ್ಷದವರೆಗೆ ಮಕ್ಕಳ ರಕ್ತದಲ್ಲಿ ಲಿಂಫೊಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳದ್ದೇ ಮೇಲುಗೈ, ನ್ಯೂಟ್ರೊಫಿಲ್ ಅಧಿಕವಾಗುವುದು ಆಮೇಲೆ. ಆದ್ದರಿಂದ ದಪ್ಪ ಅಕ್ಷರದಲ್ಲಿ ಅಚ್ಚಾದ ಟಿ.ಸಿ. ಕಂಡು ಗಾಬರಿಯಾಗುವ ಬದಲು ಒಂದು ಗುಣಾಕಾರ ಮಾಡುವುದು ಒಳ್ಳೆಯದು. ಒಬ್ಬ ಹುಡುಗಿಯ ಟಿ.ಸಿ. 12,400, ಅದರಲ್ಲಿ ನ್ಯೂಟ್ರೊಫಿಲ್ 48 ಪ್ರತಿಶತ ಎಂದಿಟ್ಟುಕೊಳ್ಳಿ. ನ್ಯೂಟ್ರೊಫಿಲ್‌ಗಳ ನಿಜವಾದ ಸಂಖ್ಯೆ 5,952. ಪಕ್ಕದ ಹಾಸಿಗೆಯ ಹುಡುಗನ ಟಿ.ಸಿ. 11,200, ನ್ಯೂಟ್ರೊಫಿಲ್ 78 ಪ್ರತಿಶತ. ಅವನ ಸಂಖ್ಯೆ 8,736. ಟಿ.ಸಿ. ನೋಡಿದರೆ ಹುಡುಗಿಗೆ ರೋಗ ಹೆಚ್ಚು, ಗುಣಿಸಿ ನೋಡಿದರೆ ಚಿಂತಿಸಬೇಕಾದದ್ದು ಹುಡುಗನ ಬಗ್ಗೆ. ಈ ಲೆಕ್ಕಕ್ಕೆ ಹೊಸ ಯಂತ್ರ ಬೇಡ, ರಕ್ತಕಣಗಳನ್ನು ಎಣಿಸುವ ಮಾಮೂಲಿ ಸಿ.ಬಿ.ಸಿ. ಪರೀಕ್ಷೆ ಸಾಕು. 2007ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿಸಿ ಪ್ರಕಟಿಸಿದ ಅವಲೋಕನದಲ್ಲಿ, ಮಕ್ಕಳ ನ್ಯೂಟ್ರೊಫಿಲ್ ಸಂಖ್ಯೆ 6,750 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಪೆಂಡಿಸೈಟಿಸ್‌ನ ಸಾಧ್ಯತೆ ತೀವ್ರವಾಗಿ ಕುಗ್ಗುತ್ತದೆ ಎಂದು ಕಂಡುಬಂತು. 2012ರಲ್ಲಿ 2,600ಕ್ಕೂ ಹೆಚ್ಚು ಮಕ್ಕಳ ಮೇಲೆ ಪರಿಶೀಲಿಸಿದ ನಿಯಮವೊಂದು ಇದೇ ಸಂಖ್ಯೆಯನ್ನು ಹೊಟ್ಟೆ ಮುಟ್ಟಿ ನೋಡಿದ ಫಲಿತದೊಂದಿಗೆ ಜೋಡಿಸಿತು. ನ್ಯೂಟ್ರೊಫಿಲ್ ಕಡಿಮೆ ಇರಬೇಕು, ಜೊತೆಗೆ ಬಲಗಡೆ ಕೆಳಹೊಟ್ಟೆಯಲ್ಲಿ ನೋವಿರಬಾರದು, ಇದ್ದರೂ ನಡೆದಾಗ, ಜಿಗಿದಾಗ, ಕೆಮ್ಮಿದಾಗ ಅದು ಏಳಬಾರದು. ಇಂಥ ಮಗುವಿಗೆ ಅಪಾಯ ಕಡಿಮೆ ಎಂಬುದು ನಿಯಮ. ರೋಗವಿದ್ದ ನೂರರಲ್ಲಿ ಸುಮಾರು 98 ಮಕ್ಕಳು ಈ ಜರಡಿಯಲ್ಲಿ ಉಳಿದರು. ರೋಗವಿಲ್ಲದವರಲ್ಲಿ ಕೆಳಗೆ ಬಿದ್ದವರು ನಾಲ್ಕರಲ್ಲಿ ಒಬ್ಬರಿಗಿಂತ ತುಸು ಕಡಿಮೆ. ಸಾಧನೆ ಸಣ್ಣದೆನಿಸಬಹುದು. ಆದರೆ ಆ ಒಂದು ಮಗು ಸ್ಕ್ಯಾನಿಂಗ್ ಇಲ್ಲದೆ, ರಾತ್ರಿ ವಾರ್ಡಿನಲ್ಲಿ ಮಲಗದೆ ಮನೆಗೆ ಹೋಗಬಹುದು.

ಒಂದೇ ಅಂಕಿಗೆ ಎರಡು ಕಡೆ ಎರಡು ಅರ್ಥ ಬರುವುದು ಹೇಗೆ ಎಂಬುದನ್ನು ಒಂದು ಲೆಕ್ಕದಲ್ಲಿ ನೋಡಬಹುದು. ರೋಗವಿದ್ದವರಲ್ಲಿ 80 ಪ್ರತಿಶತ ಮಂದಿಯನ್ನು ಹಿಡಿಯುವ, ಇಲ್ಲದವರಲ್ಲಿ 70 ಪ್ರತಿಶತ ಮಂದಿಯನ್ನು ಸರಿಯಾಗಿ ಬಿಟ್ಟುಕೊಡುವ ಪರೀಕ್ಷೆಯಿದೆ ಎನ್ನೋಣ. ಹೊರರೋಗಿ ವಿಭಾಗಕ್ಕೆ ಹೊಟ್ಟೆನೋವೆಂದು ಬಂದ ನೂರು ಮಕ್ಕಳಲ್ಲಿ ಹತ್ತು ಜನಕ್ಕೆ ಅಪೆಂಡಿಸೈಟಿಸ್ ಇದೆ. ಪರೀಕ್ಷೆ ‘ಹೌದು’ ಎನ್ನುವುದು 35 ಮಂದಿಗೆ, ಅವರಲ್ಲಿ ನಿಜಕ್ಕೂ ರೋಗವಿರುವವರು ಎಂಟೇ ಜನ. ‘ಇಲ್ಲ’ ಎಂದ 65 ಜನರಲ್ಲಿ ತಪ್ಪಿಸಿಕೊಂಡವರು ಇಬ್ಬರು. ಇದೇ ಪರೀಕ್ಷೆಯನ್ನು ಸರ್ಜರಿ ವಾರ್ಡಿಗೆ ಒಯ್ಯಿರಿ. ಅಲ್ಲಿಗೆ ಬರುವ ಮಕ್ಕಳನ್ನು ಆಗಲೇ ಒಬ್ಬರು ವೈದ್ಯರು ಅನುಮಾನಪಟ್ಟು ಕಳಿಸಿರುತ್ತಾರೆ, ನೂರರಲ್ಲಿ ಐವತ್ತು ಜನಕ್ಕೆ ರೋಗವಿದೆ. ಈಗ ‘ಹೌದು’ ಎಂದ 55 ಜನರಲ್ಲಿ 40 ಮಂದಿಗೆ ರೋಗವಿದೆ, ‘ಇಲ್ಲ’ ಎಂದ 45 ಜನರಲ್ಲಿ ಹತ್ತು ಮಂದಿಗೆ ರೋಗವಿದೆ. ಒಂದೆಡೆ ನೆಮ್ಮದಿ ಕೊಡುವ ‘ಇಲ್ಲ’ ಇನ್ನೊಂದೆಡೆ ನಾಲ್ಕೈದರಲ್ಲಿ ಒಂದು ಮಗುವನ್ನು ಕೈಬಿಡುತ್ತದೆ. ಲ್ಯಾಬ್ ಬದಲಾಗಿಲ್ಲ, ಯಂತ್ರ ಬದಲಾಗಿಲ್ಲ, ಮಗು ಬದಲಾಗಿದೆ ಅಷ್ಟೇ. ಫಿನ್‌ಲೆಂಡಿನಲ್ಲಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ‘ಇಲ್ಲ’ ಎಂಬ ಉತ್ತರವನ್ನು ಎಲ್ಲೆಡೆ ನಂಬಲಾಗದೆಂದು ಚೆನ್ನಾಗಿ ತೋರಿಸಿತು. ದೊಡ್ಡವರಲ್ಲಿ ಟಿ.ಸಿ., ಸಿ.ಆರ್.ಪಿ. ಎರಡೂ ಸಹಜವಾಗಿದ್ದರೆ ಅಪೆಂಡಿಸೈಟಿಸ್ ತೀರಾ ಅಪರೂಪ ಎಂಬ ನಂಬಿಕೆಯನ್ನು ಮಕ್ಕಳ ಮೇಲೆ ಒರೆಗೆ ಹಚ್ಚಿದಾಗ, ರೋಗ ಖಚಿತವಾಗಿದ್ದ ನೂರು ಮಕ್ಕಳಲ್ಲಿ ಏಳು ಜನರ ಎರಡೂ ಅಂಕಿಗಳು ಸಹಜವಾಗಿದ್ದವು. ಹೊಟ್ಟೆ ಗಟ್ಟಿಯಾಗಿ, ಕಾಲು ಮಡಚಿಕೊಂಡು ಮಲಗಿದ ಮಗುವಿನ ಮುಂದೆ ‘ರಿಪೋರ್ಟ್ ನಾರ್ಮಲ್ ಇದೆ’ ಎನ್ನುವವರು ಈ ಏಳು ಮಕ್ಕಳನ್ನು ನೆನಪಿಡಬೇಕು.

ರಕ್ತವೊಂದನ್ನೇ ನಂಬಲಾಗದ್ದರಿಂದಲೇ ಲಕ್ಷಣ, ಹೊಟ್ಟೆಯ ಪರೀಕ್ಷೆ, ರಕ್ತ ಎಲ್ಲಕ್ಕೂ ಅಂಕ ಕೊಟ್ಟು ಕೂಡಿಸುವ ಅಂಕಪಟ್ಟಿಗಳು ಹುಟ್ಟಿಕೊಂಡವು. 1986ರಲ್ಲಿ ಆಲ್ವರಾಡೊ ಎಂಬ ವೈದ್ಯರು ರೂಪಿಸಿದ ಹತ್ತು ಅಂಕಗಳ ಪಟ್ಟಿಯಲ್ಲಿ ರಕ್ತದ ಪಾಲು ಮೂರು. ಮಕ್ಕಳಿಗೆಂದೇ 2002ರಲ್ಲಿ ಮದನ್ ಸ್ಯಾಮ್ಯುಯೆಲ್ ರೂಪಿಸಿದ ಪಟ್ಟಿಯಲ್ಲಿ ಅದು ಎರಡಕ್ಕೆ ಇಳಿಯಿತು, ಟಿ.ಸಿ.ಗೆ ಒಂದು, ನ್ಯೂಟ್ರೊಫಿಲ್‌ಗೆ ಒಂದು. ಅದೇ ಪಟ್ಟಿಯಲ್ಲಿ ಮಗು ಕೆಮ್ಮಿದಾಗಲೋ ಕುಪ್ಪಳಿಸಿದಾಗಲೋ ಹೊಟ್ಟೆಯ ಮೇಲೆ ಬೆರಳಿನಿಂದ ತಟ್ಟಿದಾಗಲೋ ಬಲಗಡೆ ನೋವೆದ್ದರೆ ಎರಡು ಅಂಕ. ಕುಂಟೆಬಿಲ್ಲೆ ಆಡುವ ಮಗುವಿಗೆ ಒಂಟಿಕಾಲಲ್ಲಿ ಜಿಗಿ ಎಂದು ಹೇಳಿಕೊಡಬೇಕಾಗಿಲ್ಲ. ಸಲೀಸಾಗಿ ಎರಡು ಬಾರಿ ಜಿಗಿದು ನಕ್ಕರೆ ಒಂದು ಸಂಗತಿ, ಮೊದಲ ಜಿಗಿತಕ್ಕೇ ಬಲಗೈ ಹೊಟ್ಟೆಗೆ ಹೋಗಿ ಮುಖ ಕಿವುಚಿದರೆ ಇನ್ನೊಂದು. ದುಡ್ಡಿಲ್ಲದ ಈ ಪರೀಕ್ಷೆ ರಕ್ತದ ಎರಡು ಪರೀಕ್ಷೆಗಳು ಸೇರಿದಷ್ಟು ತೂಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಸ್ವೀಡನ್ನಿನಲ್ಲಿ 2008ರಲ್ಲಿ ಬಂದ ಎ.ಐ.ಆರ್. ಪಟ್ಟಿಯ ಹನ್ನೆರಡು ಅಂಕಗಳಲ್ಲಿ ಆರು ರಕ್ತದವು. ಆದರೆ ಅಲ್ಲಿರುವ ಜಾಣತನ ಬೇರೆ. ಸಿ.ಆರ್.ಪಿ. ಹತ್ತು ದಾಟಿದರೆ ಒಂದಂಕ, ಐವತ್ತು ದಾಟಿದರೆ ಎರಡು. ಟಿ.ಸಿ. 10,000ಕ್ಕೆ ಒಂದು, 15,000ಕ್ಕೆ ಎರಡು. ಅಂಕಿಯನ್ನು ‘ಇದೆ’, ‘ಇಲ್ಲ’ ಎಂದು ಕಡಿಯದೆ ಏರಿದಷ್ಟೂ ಅನುಮಾನವನ್ನು ಏರಿಸುವ ಕ್ರಮ ಇದು. ನನಗೆ ಸರಿಯೆನಿಸುವುದೂ ಇದೇ. 9,900ಕ್ಕೂ 10,100ಕ್ಕೂ ನಡುವೆ ದೇಹ ಯಾವ ಗೆರೆಯನ್ನೂ ಎಳೆದಿಲ್ಲ, ಎಳೆದವರು ನಾವು. ಕುತೂಹಲಕ್ಕೆ ಹೇಳುವುದಾದರೆ, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಮಕ್ಕಳ ಮೇಲೆ ಇಂಥ ಪಟ್ಟಿಗಳನ್ನೆಲ್ಲ ಹೋಲಿಸಿ 2020ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಮೇಲುಗೈ ಪಡೆದದ್ದು ಲಂಡನ್ನಿನದ್ದೂ ಅಲ್ಲ, ಬಾಸ್ಟನ್ನಿನದ್ದೂ ಅಲ್ಲ. ಕಾಶ್ಮೀರದ ವೈದ್ಯರು 2011ರಲ್ಲಿ ಇಂಡಿಯನ್ ಜರ್ನಲ್ ಆಫ್ ಪೀಡಿಯಾಟ್ರಿಕ್ಸ್‌ನಲ್ಲಿ ಪ್ರಕಟಿಸಿದ್ದ ಶೇರಾ ಪಟ್ಟಿ.

ಇಷ್ಟೆಲ್ಲ ಕಸರತ್ತು ಯಾಕೆ, ಸ್ಕ್ಯಾನಿಂಗ್ ಮಾಡಿದರೆ ಕಣ್ಣಿಗೇ ಕಾಣುತ್ತದಲ್ಲ ಎಂಬ ಆಕ್ಷೇಪ ಸಹಜ. ಅಲ್ಟ್ರಾಸೌಂಡ್ ನಿಜಕ್ಕೂ ಒಳ್ಳೆಯ ಸಾಧನ. ಡಚ್ ರೇಡಿಯಾಲಜಿಸ್ಟ್ ಪೈಲಾರ್ಟ್ 1986ರಲ್ಲಿ, ಹೊಟ್ಟೆಯನ್ನು ಮೆಲ್ಲನೆ ಒತ್ತುತ್ತ ಕರುಳಿನ ಗಾಳಿ ಸರಿಸಿ ಅಪೆಂಡಿಕ್ಸನ್ನು ನೋಡುವ ವಿಧಾನ ಕಲಿಸಿದಂದಿನಿಂದ ಮಕ್ಕಳಲ್ಲಿ ಅದೇ ಮೊದಲ ಆಯ್ಕೆ. ಆರು ಮಿಲಿಮೀಟರ್‌ಗಿಂತ ದಪ್ಪಗಿದ್ದು ಒತ್ತಿದರೂ ಚಪ್ಪಟೆಯಾಗದ ಅಪೆಂಡಿಕ್ಸ್ ಕಂಡರೆ ವಾದವೇ ಇಲ್ಲ. ತೊಂದರೆಯೆಂದರೆ ಎಷ್ಟೋ ಸಲ ಅದು ಕಾಣುವುದೇ ಇಲ್ಲ. ‘ಅಪೆಂಡಿಕ್ಸ್ ಕಾಣಿಸಲಿಲ್ಲ’ ಎಂಬ ವರದಿ ‘ಅಪೆಂಡಿಕ್ಸ್ ಚೆನ್ನಾಗಿದೆ’ ಎಂಬ ವರದಿಯಲ್ಲ, ಆದರೆ ರಾತ್ರಿ ಹನ್ನೊಂದಕ್ಕೆ ಅದು ಹಾಗೆಯೇ ಓದಿಸಿಕೊಳ್ಳುತ್ತದೆ. ಕೈಪಳಗಿದ ರೇಡಿಯಾಲಜಿಸ್ಟ್ ಎಲ್ಲ ತಾಲ್ಲೂಕಿನಲ್ಲೂ ಎಲ್ಲ ಹೊತ್ತಿನಲ್ಲೂ ಸಿಗುವುದಿಲ್ಲ. ರಕ್ತ ಕೆಲಸಕ್ಕೆ ಬರುವುದು ಇಂಥ ಕಡೆ. ಸ್ಕ್ಯಾನ್‌ನಲ್ಲಿ ಕಾಣಿಸಲಿಲ್ಲ, ನ್ಯೂಟ್ರೊಫಿಲ್ ಸಂಖ್ಯೆಯೂ ಕಡಿಮೆಯಿದೆ, ಮಗು ಜಿಗಿಯುತ್ತಿದೆ ಎಂದರೆ ಮೂರೂ ಸೇರಿ ಧೈರ್ಯ ಕೊಡುತ್ತವೆ. ಕಾಣಿಸಲಿಲ್ಲ, ಸಿ.ಆರ್.ಪಿ. ಮಾತ್ರ ಎಂಬತ್ತು ಎಂದರೆ ಮನೆಗೆ ಕಳಿಸುವ ಮಾತಿಲ್ಲ. ಸಿ.ಟಿ. ಸ್ಕ್ಯಾನ್ ಹೆಚ್ಚು ನಿಖರ ನಿಜ. ಆದರೆ ಬ್ರಿಟನ್ನಿನಲ್ಲಿ ಸುಮಾರು 1.78 ಲಕ್ಷ ಮಕ್ಕಳು ಮತ್ತು ಯುವಜನರ ದಾಖಲೆ ಪರಿಶೀಲಿಸಿ 2012ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಅಧ್ಯಯನ, ಸಿ.ಟಿ. ವಿಕಿರಣದ ಪ್ರಮಾಣ ಏರಿದಂತೆ ರಕ್ತದ ಕ್ಯಾನ್ಸರ್ ಮತ್ತು ಮಿದುಳಿನ ಗೆಡ್ಡೆಯ ಅಪಾಯವೂ ಏರುವುದನ್ನು ತೋರಿಸಿತು. ಒಂದು ಮಗುವಿನ ಮಟ್ಟಿಗೆ ಆ ಅಪಾಯ ಬಹಳ ಸಣ್ಣದು. ಆದರೂ ಹೊಟ್ಟೆನೋವೆಂದು ಬರುವ ಸಾವಿರಾರು ಮಕ್ಕಳನ್ನು ಆ ಯಂತ್ರದೊಳಗೆ ಕಳಿಸುವ ಮುನ್ನ ಜರಡಿಯೊಂದು ಬೇಕೆಂಬುದಕ್ಕೆ ಅಷ್ಟು ಸಾಕು.

ಇನ್ನೊಂದು ಆಕ್ಷೇಪವನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಆಚರಣೆಯಲ್ಲಿ ಎಲ್ಲೆಡೆ ಇದೆ: ಉಪಯೋಗವಿಲ್ಲದ ಅಂಗ, ಅನುಮಾನ ಬಂದರೆ ತೆಗೆದುಬಿಡಿ, ಒಡೆದ ಮೇಲೆ ಪರದಾಡುವುದಕ್ಕಿಂತ ವಾಸಿ. ಹಳೆಯ ಶಸ್ತ್ರವೈದ್ಯರು ಹೀಗೆ ಹೇಳುತ್ತಿದ್ದುದಕ್ಕೆ ಅವರ ಕಾಲದಲ್ಲಿ ಕಾರಣವಿತ್ತು. ಅಲ್ಟ್ರಾಸೌಂಡ್ ಇರಲಿಲ್ಲ, ಸಿ.ಆರ್.ಪಿ. ಸುಲಭವಾಗಿ ಸಿಗುತ್ತಿರಲಿಲ್ಲ. ಈಗ ಆ ಕಾರಣವಿಲ್ಲ. ಅಂಕಪಟ್ಟಿಗಳನ್ನು ಹೋಲಿಸಿದ ಬ್ರಿಟನ್ನಿನ 2020ರ ಅದೇ ಅಧ್ಯಯನದಲ್ಲಿ ಅಪೆಂಡಿಕ್ಸ್ ತೆಗೆಸಿಕೊಂಡ ಮಕ್ಕಳಲ್ಲಿ ಸುಮಾರು 16 ಪ್ರತಿಶತ ಮಂದಿಯ ಅಪೆಂಡಿಕ್ಸ್ ಸೂಕ್ಷ್ಮದರ್ಶಕದಡಿ ಸಹಜವಾಗಿತ್ತು. ಅರಿವಳಿಕೆ, ಗಾಯದ ಸೋಂಕು, ಮುಂದೆ ಕರುಳು ಅಂಟಿಕೊಂಡು ಕಟ್ಟುವ ಅಪಾಯ, ಇವು ಆರೋಗ್ಯವಂತ ಅಪೆಂಡಿಕ್ಸಿಗೂ ಅಷ್ಟೇ ಅನ್ವಯ. ಇಲ್ಲಿ ರಕ್ತಪರೀಕ್ಷೆಯನ್ನು ದೂರುವುದಕ್ಕೂ ಒಂದು ಕಾರಣವಿದೆ. ಆಪರೇಷನ್ ಮಾಡುವುದೆಂದು ಮೊದಲೇ ತೀರ್ಮಾನಿಸಿದ ಕಣ್ಣಿಗೆ 11,500ರ ಟಿ.ಸಿ. ಸಮ್ಮತಿಪತ್ರದಂತೆ ಒದಗುತ್ತದೆ. ತಂದೆತಾಯಿಗೆ ಕಾಗದದ ಮೇಲಿನ ಅಂಕಿ ತೋರಿಸಿದರೆ ಮರುಪ್ರಶ್ನೆ ಹುಟ್ಟುವುದಿಲ್ಲ.

ರೋಗ ತೋರಿಸುವ ಹೊಸ ಗುರುತುಗಳ ಭರವಸೆ ಮಾತ್ರ ನಿಂತಿಲ್ಲ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಂಶೋಧಕರು 2009ರಲ್ಲಿ ಮೂತ್ರದಲ್ಲಿರುವ ಪ್ರೋಟೀನುಗಳನ್ನೆಲ್ಲ ಸೋಸಿ ಎಲ್.ಆರ್.ಜಿ. ಎಂಬುದನ್ನು ಮುಂದಿಟ್ಟರು. ರಕ್ತದಲ್ಲಿ ಅಳೆಯುವ ಪ್ರೊಕ್ಯಾಲ್ಸಿಟೋನಿನ್ ಬಂತು, ನ್ಯೂಟ್ರೊಫಿಲ್ ಮತ್ತು ಲಿಂಫೊಸೈಟ್‌ಗಳ ಅನುಪಾತ ಬಂತು. ಮೊದಲ ಅಧ್ಯಯನದಲ್ಲಿ ಎಲ್ಲವೂ ಹೊಳೆಯುತ್ತವೆ, ಏಕೆಂದರೆ ಅಲ್ಲಿ ಸಾಮಾನ್ಯವಾಗಿ ರೋಗ ಸ್ಪಷ್ಟವಿರುವವರನ್ನು ರೋಗ ಸ್ಪಷ್ಟವಾಗಿ ಇಲ್ಲದವರೊಂದಿಗೆ ಹೋಲಿಸಿರುತ್ತಾರೆ. ವೈದ್ಯರಿಗೆ ಸಹಾಯ ಬೇಕಾಗುವುದು ನಡುವಿನ ಮಕ್ಕಳ ವಿಷಯದಲ್ಲಿ. ಅಲ್ಲಿಗೆ ಬಂದಾಗ ಹೊಳಪು ಇಳಿಯುತ್ತದೆ. ಹೀಗೆಂದು ಎಲ್ಲವನ್ನೂ ತಳ್ಳಿಹಾಕಲಾರೆ. ಇವುಗಳಲ್ಲಿ ಕೆಲವಕ್ಕೆ ರೋಗ ಇದೆಯೇ ಎಂಬುದಕ್ಕಿಂತ ರೋಗ ಎಷ್ಟು ಮುಂದುವರಿದಿದೆ ಎಂಬುದು ಚೆನ್ನಾಗಿ ಗೊತ್ತು. ಪ್ರೊಕ್ಯಾಲ್ಸಿಟೋನಿನ್ ಸಾಧಾರಣ ಅಪೆಂಡಿಸೈಟಿಸ್‌ನಲ್ಲಿ ಅಷ್ಟಾಗಿ ಏರದು, ಒಡೆದಾಗ ಏರುತ್ತದೆ. ಇನ್ನೂ ಸ್ವಾರಸ್ಯದ್ದು ಸೋಡಿಯಂ. ಯಾವ ಆಸ್ಪತ್ರೆಯಲ್ಲೂ ಮಾಡುವ ಅಗ್ಗದ ಪರೀಕ್ಷೆ ಅದು. ಅಪೆಂಡಿಸೈಟಿಸ್ ಆದ ಮಕ್ಕಳಲ್ಲಿ ಸೋಡಿಯಂ ಕೆಳಗಿದ್ದರೆ ರೋಗ ತೊಡಕಾಗಿರುವ ಸಾಧ್ಯತೆ ಹೆಚ್ಚು ಎಂದು ಸ್ಟಾಕ್‌ಹೋಮಿನ ಸಂಶೋಧಕರು 2020ರಲ್ಲಿ ತೋರಿಸಿದರು. ಈ ಭೇದಕ್ಕೆ ಈಗ ಬೆಲೆ ಬಂದಿದೆ, ಏಕೆಂದರೆ ಸಾಧಾರಣ ಅಪೆಂಡಿಸೈಟಿಸನ್ನು ಬರೀ ಆ್ಯಂಟಿಬಯಾಟಿಕ್‌ನಿಂದ ಗುಣಪಡಿಸಬಹುದೇ ಎಂಬ ಪ್ರಶ್ನೆ ಎದ್ದಿದೆ. ಐದು ದೇಶಗಳ 936 ಮಕ್ಕಳ ಮೇಲೆ ನಡೆದು 2025ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ವರ್ಷದೊಳಗೆ ಆ್ಯಂಟಿಬಯಾಟಿಕ್ ಚಿಕಿತ್ಸೆ ವಿಫಲವಾದದ್ದು 34 ಪ್ರತಿಶತ ಮಕ್ಕಳಲ್ಲಿ, ಆಪರೇಷನ್ ಗುಂಪಿನಲ್ಲಿ ಈ ಪ್ರಮಾಣ 7. ಒಂದು ಮನೆಯವರಿಗೆ ಇದು ಆಪರೇಷನ್ ಪರವಾದ ಪುರಾವೆ, ಇನ್ನೊಂದು ಮನೆಯವರಿಗೆ ಮೂವರಲ್ಲಿ ಇಬ್ಬರು ಆಪರೇಷನ್ ತಪ್ಪಿಸಿಕೊಂಡ ಪುರಾವೆ. ಯಾವ ಮಗು ಆ ಇಬ್ಬರ ಸಾಲಿನದು ಎಂದು ಮೊದಲೇ ಹೇಳಬಲ್ಲ ಗುರುತು ಸಿಕ್ಕರೆ ಅದಕ್ಕೆ ನಾನೂ ಮಣಿಯುತ್ತೇನೆ.

ನಮ್ಮ ಕಡೆಗೆ ಬಂದರೆ ಲೆಕ್ಕಕ್ಕೆ ಇನ್ನೆರಡು ಸಂಗತಿ ಸೇರುತ್ತವೆ. ಮಳೆಗಾಲದಲ್ಲಿ ಜ್ವರ, ವಾಂತಿ, ಹೊಟ್ಟೆನೋವು ಮೂರೂ ಇರುವ ಮಗುವಿಗೆ ಡೆಂಗಿಯೂ ಇರಬಹುದು, ಟೈಫಾಯ್ಡೂ ಇರಬಹುದು. ಟೈಫಾಯ್ಡ್ ಸಣ್ಣಕರುಳಿನ ಕೊನೆಯನ್ನು, ಅಂದರೆ ಅಪೆಂಡಿಕ್ಸಿನ ನೆರೆಮನೆಯನ್ನೇ ಹಿಡಿಯುತ್ತದೆ. ಇವೆರಡರಲ್ಲೂ ಬಿಳಿ ಕಣಗಳು ಏರುವ ಬದಲು ಇಳಿಯುವುದು ಸಾಮಾನ್ಯ, ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕೂಡ. ಹಾಗಾಗಿ ಇಳಿದ ಟಿ.ಸಿ. ಬಗ್ಗೆ ನಮ್ಮ ವೈದ್ಯರು ಸ್ವೀಡನ್ನಿನವರಿಗಿಂತ ಹೆಚ್ಚು ಯೋಚಿಸಬೇಕು. ಎರಡನೆಯದು, ದೊಡ್ಡಾಸ್ಪತ್ರೆ ತಲುಪುವ ಮೊದಲು ಮಗು ಒಂದೆರಡು ಕ್ಲಿನಿಕ್ ದಾಟಿ ಬಂದಿರುತ್ತದೆ. ಅಲ್ಲಿ ಕೊಟ್ಟ ನೋವಿನ ಔಷಧಿಗೆ ಹೆದರಬೇಕಾಗಿಲ್ಲ, ಅದು ಹೊಟ್ಟೆಯ ಪರೀಕ್ಷೆಯನ್ನು ದಾರಿ ತಪ್ಪಿಸುವುದಿಲ್ಲವೆಂದು ಮಕ್ಕಳ ಮೇಲಿನ ಪ್ರಯೋಗಗಳೇ ತೋರಿಸಿವೆ. ನೋವಿನಿಂದ ಒದ್ದಾಡುವ ಮಗುವಿಗೆ ಔಷಧಿ ತಡೆಹಿಡಿಯುವುದು ಬರೀ ಹಳೆಯ ರೂಢಿ. ಹೆದರಬೇಕಾದದ್ದು ಚೀಟಿಯಿಲ್ಲದೆ ಕೊಟ್ಟ ಆ್ಯಂಟಿಬಯಾಟಿಕ್ ಇಂಜೆಕ್ಷನ್ನಿಗೆ. ಅದು ಅಂಕಿಯನ್ನು ಇಳಿಸಿ, ರೋಗವನ್ನು ಅರ್ಧಕ್ಕೆ ಮಸುಕಾಗಿಸಿ, ಮುಂದಿನವರನ್ನು ಕತ್ತಲಲ್ಲಿಡುತ್ತದೆ.

ಅನುಮಾನವಿರುವ ಮಗುವನ್ನು ವಾರ್ಡಿನಲ್ಲಿರಿಸಿಕೊಂಡು, ಆರೆಂಟು ಗಂಟೆ ಬಿಟ್ಟು ಅದೇ ವೈದ್ಯರು ಮತ್ತೆ ಹೊಟ್ಟೆ ಮುಟ್ಟಿ ನೋಡಿ, ಅದೇ ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸುವುದಕ್ಕಿಂತ ಒಳ್ಳೆಯ ‘ಹೊಸ ಪರೀಕ್ಷೆ’ ಸದ್ಯಕ್ಕೆ ಇಲ್ಲ. 12ರಿಂದ 60ಕ್ಕೆ ಏರಿದ ಸಿ.ಆರ್.ಪಿ. ಹೇಳುವುದನ್ನು ಒಂಟಿ 60 ಹೇಳಲಾರದು. ಹಾಸಿಗೆ ಖಾಲಿಯಿಲ್ಲ, ಎರಡನೇ ಬಿಲ್ಲಿಗೆ ಮನೆಯವರು ಒಪ್ಪುವುದಿಲ್ಲ, ಡ್ಯೂಟಿ ಬದಲಾಗಿ ಬೇರೆ ಡಾಕ್ಟರ್ ಬಂದಿರುತ್ತಾರೆ, ಇವೆಲ್ಲ ನಿಜವಾದ ಅಡ್ಡಿಗಳು. ಆದರೆ ಯಾವುದೂ ವಿಜ್ಞಾನದ ಅಡ್ಡಿಯಲ್ಲ. ಅದಕ್ಕೂ ಮೊದಲು, ಖರ್ಚೇ ಇಲ್ಲದ ತಿದ್ದುಪಡಿಯೊಂದು ಲ್ಯಾಬಿನಲ್ಲೇ ಆಗಬಹುದು. ರಕ್ತದ ಸ್ಯಾಂಪಲ್ ಎಷ್ಟು ಗಂಟೆಗೆ ತೆಗೆದದ್ದು, ಎಷ್ಟು ಗಂಟೆಗೆ ವರದಿ ಕೊಟ್ಟದ್ದು ಎಂಬುದನ್ನು ಎಷ್ಟೋ ಲ್ಯಾಬಿನವರು ನಿಮಿಷದ ಲೆಕ್ಕದಲ್ಲಿ ಮುದ್ರಿಸುತ್ತಾರೆ. ನೋವು ಎಷ್ಟು ಗಂಟೆಗೆ ಶುರುವಾಯಿತು ಎಂದು ಬರೆಯಲು ಆ ಕಾಗದದಲ್ಲಿ ಒಂದು ಸಾಲಿನ ಜಾಗವಿಲ್ಲ.